ಮಧುಚಂದ್ರಕ್ಕೆ ಸ್ಕೂಬಾ ಡೈವಿಂಗ್: ಈಜು ಬಾರದ ನಾವು ಅಂಡಮಾನಿಗೆ ಹೋಗಬಹುದೇ, ಐದು ದಿನ ಸಾಕೇ?

ತುಮಕೂರಿನವರಾದ ನೀವು ಕೇಳಿರುವುದು ನಾಲ್ಕು ವಿಷಯ. ಫೆಬ್ರವರಿಯಲ್ಲಿ ಮದುವೆ ಮುಗಿಸಿಕೊಂಡು ಅಂಡಮಾನಿಗೆ ಹೋಗುವುದೋ ಮಾಲ್ಡೀವ್ಸ್‌ಗೆ ಹೋಗುವುದೋ, ಇಬ್ಬರಿಗೂ ಈಜು ಬಾರದಿದ್ದರೂ ಸ್ಕೂಬಾಕ್ಕೆ, ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯಬಹುದೇ, ಐದು ದಿನದ ರಜೆ ಸಾಲುತ್ತದೆಯೇ, ಮತ್ತು ನೀರಿಗಿಳಿಯುವಾಗ ಹುಡುಗಿ ತಾಳಿ ತೆಗೆಯಬೇಕಾಗುತ್ತದೆಯೇ ಎಂಬ ನಿಮ್ಮ ತಾಯಿಯವರ ಆತಂಕ. ನಾನು ಶಿಡ್ಲಘಟ್ಟ ತಾಲ್ಲೂಕಿನವನು. 2023ರ ಫೆಬ್ರವರಿಯಲ್ಲಿ ಮದುವೆಯಾದ ಹತ್ತನೆಯ ದಿನಕ್ಕೆ ಪತ್ನಿಯೊಡನೆ ಇದೇ ಉದ್ದೇಶಕ್ಕಾಗಿ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗಿದ್ದೆ; 2018ರಿಂದ ಅದರ ಅಧಿಕೃತ ಹೆಸರು ಸ್ವರಾಜ್ ದ್ವೀಪ. ಅಲ್ಲಿ ಸರಿಹೋದದ್ದನ್ನೂ ಕೆಟ್ಟದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ನೀವು ಯಾವ ದ್ವೀಪ ಎಂಬುದರಿಂದ ಯೋಚನೆ ಆರಂಭಿಸಿದ್ದೀರಿ. ನನ್ನನ್ನು ಕೇಳಿದರೆ ಅದನ್ನು ಕೊನೆಗೆ ತೀರ್ಮಾನಿಸಿ. ಮೊದಲು ನಿಮ್ಮಿಬ್ಬರ ಮೂಗು ಮತ್ತು ಕಿವಿಗಳ ವಿಚಾರ, ಆಮೇಲೆ ಹಿಂತಿರುಗುವ ವಿಮಾನದ ವೇಳೆ, ಅದಾದ ಮೇಲೆ ದ್ವೀಪ.

ಈಜಿನ ಪ್ರಶ್ನೆಗೆ ಉತ್ತರ ಸರಳ. ಮೊದಲ ಸಲ ಬರುವವರಿಗಾಗಿ ನಡೆಸುವ ಪರಿಚಯ ಡೈವಿಂಗ್‌ಗೆ ಈಜು ಬರಬೇಕೆಂಬ ನಿಯಮವಿಲ್ಲ. ಬೋಧಕರೊಬ್ಬರು ನಿಮ್ಮ ಬೆನ್ನಿನ ಸಿಲಿಂಡರನ್ನು ಹಿಡಿದುಕೊಂಡೇ ಜೊತೆಯಲ್ಲಿರುತ್ತಾರೆ. 12 ಮೀಟರಿಗಿಂತ ಆಳಕ್ಕೆ ಕರೆದೊಯ್ಯುವಂತಿಲ್ಲ. ಇದಕ್ಕೂ ಓಪನ್ ವಾಟರ್ ಕೋರ್ಸ್‌ಗೂ ವ್ಯತ್ಯಾಸವಿದೆ. ಆ ಕೋರ್ಸ್ ಮೂರು ನಾಲ್ಕು ದಿನ ಹಿಡಿಯುತ್ತದೆ, 18 ಮೀಟರಿನವರೆಗೆ ಇಳಿಯುವ ಪ್ರಮಾಣಪತ್ರ ಸಿಗುತ್ತದೆ, ಆದರೆ ಅದಕ್ಕೆ 200 ಮೀಟರ್ ನಿಲ್ಲದೆ ಈಜಿ ತೋರಿಸಬೇಕು, ಹತ್ತು ನಿಮಿಷ ಆಸರೆಯಿಲ್ಲದೆ ತೇಲಬೇಕು. ಈಜು ಬಾರದವರು ಮಧುಚಂದ್ರದ ದಿನಗಳಲ್ಲಿ ಆ ಪರೀಕ್ಷೆಗೆ ಕೂರುವುದು ಬೇಡ. ಮದುವೆಗೆ ಇನ್ನೂ ಸಮಯವಿರುವುದರಿಂದ ನಿಮ್ಮೂರಿನ ಈಜುಕೊಳಕ್ಕೆ ಇಬ್ಬರೂ ಕೆಲವು ದಿನ ಹೋಗಿ ನೀರಿನಲ್ಲಿ ಮುಖ ಮುಳುಗಿಸಿ ಗಾಬರಿಯಿಲ್ಲದೆ ಇರುವುದನ್ನು ರೂಢಿಸಿಕೊಂಡರೆ ಅಷ್ಟೇ ಬೇಕಾದಷ್ಟಾಯಿತು.

ಈಜು ಬಲ್ಲವನಾಗಿ ಹೋದ ನಾನೇ ಅಲ್ಲಿ ಮುಗ್ಗರಿಸಿದ್ದನ್ನು ಹೇಳಬೇಕು. ನಾನು ಈಜು ಕಲಿತದ್ದು ನಮ್ಮ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು. ಆ ಬಾವಿ ಬತ್ತಿ, ಸಾವಿರ ಅಡಿಯಾಚೆಗೂ ಬೋರ್‌ವೆಲ್ ಕೊರೆಸುವ ಕಾಲ ಬಂದದ್ದು ಆಮೇಲೆ. ಬಾವಿಯ ಹುಡುಗರಲ್ಲಿ ದೊಡ್ಡಸ್ತಿಕೆ ಎಂದರೆ ಉಸಿರು ಬಿಗಿಹಿಡಿದು ತಳದ ಮಣ್ಣು ಹಿಡಿದು ತರುವುದು. ಸ್ಕೂಬಾದಲ್ಲಿ ಕಲಿಸುವ ಮೊದಲ ಪಾಠ ಇದಕ್ಕೆ ನೇರ ವಿರುದ್ಧ: ಯಾವ ಕ್ಷಣದಲ್ಲೂ ಉಸಿರು ಹಿಡಿಯಬಾರದು. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟಿರುತ್ತದೆ. ಅಲ್ಲಿ ಎಳೆದುಕೊಂಡ ಒಂದು ಎದೆತುಂಬ ಗಾಳಿ ಮೇಲಕ್ಕೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಏರಿದವನ ಶ್ವಾಸಕೋಶಕ್ಕೆ ಗಾಯವಾಗುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಅಭ್ಯಾಸ ಮಾಡಿಸುವಾಗ ಬೋಧಕ ನನಗೆ ನಾಲ್ಕು ಸಲ ‘ಉಸಿರಾಡಿ, ಉಸಿರಾಡಿ’ ಎಂದು ಎಚ್ಚರಿಸಬೇಕಾಯಿತು. ಚಿಂತಾಮಣಿಯಲ್ಲಿ ಬೆಳೆದು, ಕೆರೆಯನ್ನು ಏರಿಯ ಮೇಲಿಂದಲೇ ನೋಡಿದ್ದ ನನ್ನ ಪತ್ನಿಗೆ ಒಮ್ಮೆಯೂ ಹೇಳಬೇಕಾಗಲಿಲ್ಲ. ಮರೆಯಬೇಕಾದ ಅಭ್ಯಾಸವೇ ಆಕೆಗೆ ಇರಲಿಲ್ಲ.

ಇನ್ನು ಮೂಗು, ಕಿವಿ. ಛತ್ರದ ಎರಡು ದಿನ ನಿದ್ದೆಯಿಲ್ಲ, ಹೋಮದ ಹೊಗೆ, ನಸುಕಿನ ನಾಲ್ಕಕ್ಕೆ ಮಂಗಳಸ್ನಾನ, ಆರತಕ್ಷತೆಯ ರಾತ್ರಿ ಐಸ್‌ಕ್ರೀಮ್, ಅದರ ಮೇಲೆ ಬೀಗರೂಟ. ನಮ್ಮ ಕಡೆಯ ಮಾಘದ ಚಳಿಯಲ್ಲಿ ಇಷ್ಟಾದ ಮೇಲೆ ಮದುಮಗನಿಗೆ ನೆಗಡಿ ಬಾರದಿದ್ದರೆ ಆಶ್ಚರ್ಯ. ನನಗೂ ಬಂದಿತ್ತು, ಎಡಮೂಗು ಕಟ್ಟಿತ್ತು, ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನೀರಿನೊಳಗೆ ಇಳಿಯುತ್ತಿದ್ದಂತೆ ಹೊರಗಿನ ಒತ್ತಡ ಕಿವಿಯ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಮೂಗು ಹಿಸುಕಿಕೊಂಡು ಮೆಲ್ಲಗೆ ಊದಿದರೆ ಗಂಟಲಿನ ಕಡೆಯಿಂದ ಗಾಳಿ ತಮಟೆಯ ಹಿಂದಿನ ನಡುಗಿವಿಗೆ ಹೋಗಿ ಎರಡೂ ಕಡೆ ಸಮವಾಗುತ್ತದೆ. ನೆಗಡಿಯಾದವರಿಗೆ ಈ ದಾರಿಯೇ ಊದಿಕೊಂಡು ಮುಚ್ಚಿರುತ್ತದೆ. ಸುಮಾರು ಮೂರು ಮೀಟರ್ ಇಳಿದಾಗ ನನ್ನ ಎಡಗಿವಿಯೊಳಗೆ ದಬ್ಬಳ ತೂರಿಸಿದಂತಾಯಿತು. ಒಂದಿಷ್ಟು ಮೇಲೆ ಬಂದು ಪ್ರಯತ್ನಿಸಿದೆ, ಮತ್ತೆ ಇಳಿದೆ, ಮತ್ತೆ ಅದೇ ನೋವು. ಬೋಧಕ ತಲೆಯಾಡಿಸಿ ನನ್ನನ್ನು ದೋಣಿಗೆ ಹತ್ತಿಸಿದ. ಮುಂದಿನ ಅರ್ಧ ಗಂಟೆ ನಾನು ಟವೆಲ್ ಹೊದ್ದು, ನನ್ನ ಪತ್ನಿ ಎಲ್ಲಿದ್ದಾಳೆಂದು ನೀರಿನ ಮೇಲೆ ಏಳುವ ಗುಳ್ಳೆಗಳಿಂದ ಊಹಿಸುತ್ತ ಕುಳಿತಿದ್ದೆ.

ಆದ್ದರಿಂದ ಮದುವೆಗೂ ಡೈವಿಂಗ್ ದಿನಕ್ಕೂ ನೆಗಡಿ ಪೂರ್ತಿ ಬಿಡುವಷ್ಟು ಅಂತರವಿರಲಿ; ನನಗೆ ಹತ್ತು ದಿನ ಸಾಲಲಿಲ್ಲ. ಮೂಗು ಕಟ್ಟಿದ್ದರೆ ಮಾತ್ರೆ ನುಂಗಿ ಹೇಗೋ ಇಳಿಯುವ ಸಾಹಸ ಬೇಡ. ಔಷಧದ ಪ್ರಭಾವ ಆಳದಲ್ಲಿದ್ದಾಗಲೇ ಇಳಿದುಹೋದರೆ ಮೇಲೆ ಬರುವಾಗ ತೊಂದರೆ. ಅಲ್ಲಿ ತುಂಬಿಸಿಕೊಳ್ಳುವ ಆರೋಗ್ಯದ ಅರ್ಜಿಯಲ್ಲಿ ಉಬ್ಬಸ, ಹೃದಯದ ತೊಂದರೆ, ಮೂರ್ಛೆರೋಗ, ಸಕ್ಕರೆ ಕಾಯಿಲೆ ಮುಂತಾದವನ್ನು ಕೇಳುತ್ತಾರೆ. ಎಲ್ಲಕ್ಕೂ ‘ಇಲ್ಲ’ ಎಂದು ಗೀಚಿ ಸಹಿ ಹಾಕುವ ನಮ್ಮ ಸರ್ಕಾರಿ ಕಚೇರಿಯ ರೂಢಿಯನ್ನು ಅಲ್ಲಿಗೆ ಒಯ್ಯಬೇಡಿ. ಇಂಥದ್ದೇನಾದರೂ ಇದ್ದರೆ ಊರಲ್ಲೇ ವೈದ್ಯರನ್ನು ಕಂಡು ಬರೆಸಿಕೊಂಡು ಹೋಗಿ. ಗರ್ಭಿಣಿಯರು ಡೈವಿಂಗ್ ಮಾಡಬಾರದು. ಪ್ರವಾಸ ಮದುವೆಯಾಗಿ ತಿಂಗಳೋ ಎರಡು ತಿಂಗಳೋ ಮುಂದಕ್ಕೆ ಹೋದರೆ ಈ ಮಾತನ್ನು ಸಂಕೋಚವಿಲ್ಲದೆ ನೆನಪಿಟ್ಟುಕೊಳ್ಳಬೇಕು.

ಐದು ದಿನ ಸಾಲುತ್ತದೆಯೇ ಎಂಬುದಕ್ಕೆ ನನ್ನ ಉತ್ತರ, ಸಾಲದು. ಕಾರಣ ವಿಮಾನ. ಸಿಲಿಂಡರಿನಲ್ಲಿರುವುದು ಬರಿಯ ಆಮ್ಲಜನಕ ಎಂದು ಬಹಳ ಜನ ತಿಳಿದಿದ್ದಾರೆ. ಅದು ಒತ್ತಿ ತುಂಬಿದ ಸಾಮಾನ್ಯ ಗಾಳಿ, ಅಂದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಸಾರಜನಕ. ಆಳದ ಒತ್ತಡದಲ್ಲಿ ಆ ಸಾರಜನಕ ರಕ್ತ, ಮಾಂಸಗಳಲ್ಲಿ ಕರಗಿ ಕೂರುತ್ತದೆ ಮತ್ತು ಮೇಲೆ ಬಂದ ಮೇಲೆ ಗಂಟೆಗಟ್ಟಲೆ ಉಸಿರಿನ ಮೂಲಕ ನಿಧಾನವಾಗಿ ಹೊರಹೋಗುತ್ತದೆ. ಅಷ್ಟರೊಳಗೆ ವಿಮಾನ ಹತ್ತಿದರೆ, ಕ್ಯಾಬಿನ್ನಿನ ಒತ್ತಡ ಸುಮಾರು 2,000 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿದಿರುವುದರಿಂದ, ಸೋಡಾ ಬಾಟಲಿ ತೆರೆದಾಗ ಆಗುವಂತೆ ಅದು ಗುಳ್ಳೆಗಟ್ಟಬಹುದು. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಡೈವಿಂಗ್ ಸುರಕ್ಷತೆಗಾಗಿ ದುಡಿಯುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆಯಂತೆ ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಇಳಿದಿದ್ದರೆ 18 ಗಂಟೆ ವಿಮಾನ ಹತ್ತಬಾರದು. ನೀವು 24 ಗಂಟೆ ಎಂದೇ ಲೆಕ್ಕ ಹಾಕಿ. ನಮಗೆ ಬೆಂಗಳೂರಿನ ಒಬ್ಬ ಟೂರ್ ಏಜೆಂಟ್ ಕೊಟ್ಟ ಮೊದಲ ಪಟ್ಟಿಯಲ್ಲಿ ಕೊನೆಯ ದಿನ ಬೆಳಿಗ್ಗೆ ಪೋರ್ಟ್ ಬ್ಲೇರ್ ಹತ್ತಿರದ ನಾರ್ತ್ ಬೇಯಲ್ಲಿ ಡೈವಿಂಗ್, ಅದೇ ದಿನ ಮಧ್ಯಾಹ್ನ ಎರಡಕ್ಕೆ ವಿಮಾನ ಎಂದಿತ್ತು. ಕೇಳಿದರೆ ‘ಎಲ್ಲರೂ ಹೀಗೇ ಹೋಗ್ತಾರೆ ಸಾರ್’ ಎಂದ. ಆ ಪಟ್ಟಿ ಬಿಟ್ಟು ನಾವೇ ಟಿಕೆಟ್ ಮಾಡಿಸಿಕೊಂಡೆವು.

ಹಾಗಾಗಿ ದಿನಗಳನ್ನು ಹಿಂದಿನಿಂದ ಮುಂದಕ್ಕೆ ಎಣಿಸಿ. ಏಳನೆಯ ದಿನ ವಿಮಾನವೆಂದಾದರೆ, ಆರನೆಯ ದಿನ ಹ್ಯಾವ್‌ಲಾಕ್‌ನಿಂದ ಹಡಗಿನಲ್ಲಿ ಪೋರ್ಟ್ ಬ್ಲೇರ್‌ಗೆ ಬಂದು ಸೆಲ್ಯುಲರ್ ಜೈಲು ನೋಡಿಕೊಳ್ಳಿ. 2024ರಿಂದ ಆ ಊರಿನ ಹೆಸರು ಶ್ರೀ ವಿಜಯಪುರಂ, ಟಿಕೆಟ್ ಮಾಡಿಸುವಾಗ ಎರಡೂ ಹೆಸರು ಕಂಡರೆ ಗಲಿಬಿಲಿ ಬೇಡ. ಡೈವಿಂಗ್ ಮೂರನೆಯ ದಿನ ಇರಲಿ. ನಾಲ್ಕು ಮತ್ತು ಐದನೆಯ ದಿನಗಳನ್ನು ಖಾಲಿ ಬಿಡಿ. ಗಾಳಿ ಎದ್ದು ದೋಣಿ ನಿಂತರೂ, ನನ್ನಂತೆ ಕಿವಿ ಕೈಕೊಟ್ಟರೂ ಇನ್ನೊಂದು ಅವಕಾಶ ಉಳಿದಿರುತ್ತದೆ. ನನಗೆ ಐದನೆಯ ದಿನ ಮೂಗು ಬಿಟ್ಟುಕೊಂಡಿತು. ಅಂದು ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಇಳಿದೆವು. ಎರಡನೆಯ ದಿನ ಅದೇ ದ್ವೀಪದ ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕ್ಲಿಂಗ್ (ನೀರಿನ ಮೇಲೆ ತೇಲುತ್ತ, ಕೊಳವೆಯಿಂದ ಉಸಿರಾಡುತ್ತ ಒಳಗೆ ನೋಡುವುದು) ಮಾಡಿದರೆ ಮುಖವಾಡ ಹಾಕಿ ಬಾಯಲ್ಲಿ ಉಸಿರಾಡುವುದು ಅಭ್ಯಾಸವಾಗುತ್ತದೆ. ಅಲ್ಲಿ ಸಂಜೆ ಐದೂವರೆಯ ಹೊತ್ತಿಗೇ ಸೂರ್ಯ ಮುಳುಗುವುದರಿಂದ ಎಲ್ಲ ಕೆಲಸವೂ ಬೆಳಿಗ್ಗೆಯೇ. ಡೈವಿಂಗ್‌ಗೆ ಮುಂಚೆ ಎರಡು ಇಡ್ಲಿ ಸಾಕು, ಹಿಂದಿನ ರಾತ್ರಿ ಮದ್ಯ ಬೇಡ.

ಈಗ ದ್ವೀಪದ ಮಾತು. ನಿಮ್ಮ ಸ್ಥಿತಿಯಲ್ಲಿ ನಾನು ಅಂಡಮಾನನ್ನೇ ಆರಿಸುತ್ತೇನೆ. ಪಾಸ್‌ಪೋರ್ಟ್ ಬೇಡ, ದೇವನಹಳ್ಳಿಯಿಂದ ನೇರ ವಿಮಾನದಲ್ಲಿ ಎರಡೂವರೆ ಗಂಟೆಯ ದಾರಿ. ತುಮಕೂರಿನಿಂದ ನೀವು ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಬಂದರೆ ಬೆಂಗಳೂರಿನ ಸಂಚಾರಕ್ಕೆ ಸಿಲುಕುವುದೂ ತಪ್ಪುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಸಮುದ್ರ ಶಾಂತ. ಮುಂಗಾರಿನಲ್ಲಿ ಕೆರಳಿರುತ್ತದೆ, ನಮ್ಮಲ್ಲಿ ಆಷಾಢಕ್ಕೆ ಮದುವೆಯಿಲ್ಲದಿರುವುದು ಈ ವಿಷಯದಲ್ಲಿ ಅನುಕೂಲವೇ ಆಯಿತು. ಹ್ಯಾವ್‌ಲಾಕ್‌ನ ನೀಮೋ ರೀಫ್ ಎಂಬಲ್ಲಿ ದಡದಿಂದಲೇ ನಡೆದು ಇಳಿಯಬಹುದಾದ್ದರಿಂದ ಹೊಸಬರನ್ನು ಹೆಚ್ಚಾಗಿ ಅಲ್ಲಿಗೇ ಕರೆದೊಯ್ಯುತ್ತಾರೆ. ಫೋಟೋಗಳಲ್ಲಿ ಕಾಣುವ ಬಣ್ಣದ ಹವಳದ ತೋಟ ಎಲ್ಲೆಡೆಯೂ ಇರುತ್ತದೆಂದು ಮಾತ್ರ ನಿರೀಕ್ಷಿಸಬೇಡಿ: ಸಮುದ್ರ ಬಿಸಿಯೇರಿದ 1998, 2010 ಮತ್ತು 2016ರಲ್ಲಿ ಅಂಡಮಾನಿನ ಹವಳಗಳು ಬಿಳಿಚಿಕೊಂಡಿವೆ. ಉಳಿದಿರುವುದನ್ನು ಮುಟ್ಟಬಾರದು, ದಡದಲ್ಲಿ ಬಿದ್ದ ಹವಳದ ತುಂಡನ್ನೂ ನೆನಪಿಗೆಂದು ಚೀಲಕ್ಕೆ ಹಾಕಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಮಾಲ್ಡೀವ್ಸ್ ಸುಂದರವೇ. ಭಾರತೀಯರು ಅಲ್ಲಿಗೆ ಪ್ರವಾಸ ಹೋಗಲು ಮೊದಲೇ ವೀಸಾ ಮಾಡಿಸಿಕೊಳ್ಳಬೇಕಾಗಿಲ್ಲ. ಆದರೆ ಅದರ ನಿಜವಾದ ಸಂಪತ್ತು ಪ್ರವಾಹದ ಮಧ್ಯೆ ಆಳಕ್ಕಿಳಿಯಬಲ್ಲ ಪ್ರಮಾಣಪತ್ರದವರಿಗೆ ಎಂಬುದು ನನ್ನ ಅಭಿಪ್ರಾಯ. ಅರ್ಧ ಗಂಟೆಯ ಪರಿಚಯ ಡೈವಿಂಗ್‌ಗಾಗಿ ಅಷ್ಟು ವೆಚ್ಚ ನನಗೆ ಒಪ್ಪಿಗೆಯಾಗದು. ಹೋಗುವುದೇ ಆದರೆ ಟಿಕೆಟನ್ನು ಹುಡುಗಿಯ ಪಾಸ್‌ಪೋರ್ಟಿನಲ್ಲಿರುವ ಹೆಸರಿಗೇ ಮಾಡಿಸಿ, ಹೊಸ ಹೆಸರಿಗಲ್ಲ. ಲಕ್ಷದ್ವೀಪಕ್ಕೆ ಮೊದಲೇ ಅನುಮತಿ ಪತ್ರ ಪಡೆಯಬೇಕು; ಮದುವೆಯ ಓಡಾಟದ ನಡುವೆ ಆ ತಾಪತ್ರಯ ಏಕೆ ಎಂದು ನಾವು ಕೈಬಿಟ್ಟೆವು. ಹಣ ಕಡಿಮೆಯಿದ್ದರೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನಮ್ಮದೇ ನೇತ್ರಾಣಿ ಇದೆ. ವಿಮಾನವಿಲ್ಲವೆಂದು ಅಲ್ಲೂ ಮೈಮರೆಯುವಂತಿಲ್ಲ: ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ, ವಿಮಾನದ ಎಚ್ಚರಿಕೆ ಸುಮಾರು 600 ಮೀಟರಿಗಿಂತ ಮೇಲಿನ ಊರುಗಳಿಗೂ ಅನ್ವಯಿಸುತ್ತದೆ. ಮಧ್ಯಾಹ್ನ ನೀರಿನಿಂದೆದ್ದು ಸಂಜೆಗೇ ಘಟ್ಟ ಹತ್ತದೆ ಒಂದು ರಾತ್ರಿ ಅಲ್ಲೇ ಉಳಿದುಬಿಡಿ.

ಖರ್ಚಿನ ವಿಷಯಕ್ಕೆ ಹೆಚ್ಚು ಬರೆಯುವುದಿಲ್ಲ. ನಾವು ಕೊಟ್ಟದ್ದು 2023ರಲ್ಲಿ ತಲೆಗೆ 4,500 ರೂಪಾಯಿ, ಈಗ ಬೇರೆಯಿರುತ್ತದೆ. ಬೆಲೆ ಕೇಳುವ ಮೊದಲು ಒಬ್ಬ ಬೋಧಕನಿಗೆ ಎಷ್ಟು ಜನ ಎಂದು ಕೇಳಿ, ಒಬ್ಬರಿಗೊಬ್ಬ ಎಂಬ ಉತ್ತರ ಬಂದರೆ ನೂರಿನ್ನೂರು ಹೆಚ್ಚಾದರೂ ಅಲ್ಲೇ ಸೇರಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಡೈವಿಂಗನ್ನು ಹೊರಗಿಟ್ಟಿರುವುದುಂಟು, ಓದಿ ನೋಡಿ. ಇನ್ನು ಮೀಸೆ. ಮುಖವಾಡದ ರಬ್ಬರ್ ಅಂಚು ಮೀಸೆಯ ಮೇಲೆ ಕೂತರೆ ನೀರು ಜಿನುಗುತ್ತದೆ. ಬೋಳಿಸಲು ಮನಸ್ಸಿಲ್ಲದಿದ್ದರೆ ಸ್ವಲ್ಪ ವ್ಯಾಸಲೀನ್ ಹಚ್ಚಿಕೊಳ್ಳಿ.

ನೀರಿನೊಳಗೆ ಮಾತಿಲ್ಲ, ಸನ್ನೆಯೇ ಎಲ್ಲ. ‘ಚೆನ್ನಾಗಿದೆ’ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಉಂಗುರದಂತೆ ಹಿಡಿಯಬೇಕು; ಹೆಬ್ಬೆರಳೆತ್ತಿದರೆ ‘ಮೇಲಕ್ಕೆ ಹೋಗೋಣ’ ಎಂದರ್ಥ. ಮೊದಲ ಸಲ ಇಳಿದಾಗ ನನ್ನ ಪತ್ನಿ ಸಂತೋಷಕ್ಕೆ ಹೆಬ್ಬೆರಳೆತ್ತಿ, ಬೋಧಕ ಆಕೆಯನ್ನು ಮೇಲಕ್ಕೆ ತರತೊಡಗಿದಾಗ ಸಿಟ್ಟಿನಿಂದ ಕೈ ಬೀಸಿದಳಂತೆ. ಐದನೆಯ ದಿನ ಹತ್ತು ಮೀಟರಿನ ಹತ್ತಿರ ಆಕೆ ಅಂಗೈ ತೆರೆದು ನನಗೆ ತೋರಿಸಿದಳು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಇನ್ನೂ ಮಾಸದಿದ್ದ ಮದುವೆಯ ಗೋರಂಟಿ ಅಲ್ಲಿ ಕಪ್ಪು ಶಾಯಿಯಲ್ಲಿ ಬರೆದಂತಿತ್ತು. ಬೋಧಕ ಟಾರ್ಚ್ ಹಾಕಿದ ಕೂಡಲೇ ಅದು ಮತ್ತೆ ಕೆಂಪಾಯಿತು.

ನಿಮ್ಮ ತಾಯಿಯವರಿಗೆ ಹೇಳಿ, ತಾಳಿ ತೆಗೆಯಬೇಕಾಗಿಲ್ಲ. ಉದ್ದ ಸರ ಮಾತ್ರ ಗಾಳಿಯ ಕೊಳವೆಗೋ ಜಾಕೆಟ್ಟಿನ ಕೊಂಡಿಗೋ ಸಿಕ್ಕಿಕೊಳ್ಳುತ್ತದೆ. ನಮ್ಮ ಅತ್ತೆಯವರು ಚಿನ್ನದ ಸರವನ್ನು ಚಿಂತಾಮಣಿಯಲ್ಲೇ ಇಟ್ಟುಕೊಂಡು, ಮಾಂಗಲ್ಯವನ್ನು ಗಿಡ್ಡನೆಯ ಅರಿಶಿನದ ದಾರದಲ್ಲಿ ಉಳಿಸಿ ಕಳುಹಿಸಿದ್ದರು. ಅದು ಡೈವಿಂಗ್‌ಗೆ ತೊಡುವ ಬಿಗಿ ಉಡುಪಾದ ವೆಟ್‌ಸೂಟಿನ ಕುತ್ತಿಗೆಯೊಳಗೆ ಸೇರಿ ಹೊರಗೆ ಕಾಣಲೂ ಇಲ್ಲ. ಕಾಲುಂಗುರ ರಬ್ಬರ್ ಬೂಟಿನೊಳಗೆ ಒತ್ತದಂತೆ ತೆಳ್ಳನೆಯ ಕಾಲುಚೀಲ ಹಾಕಿಕೊಂಡಳು. ಕೈಬೆರಳಿನ ಉಂಗುರಗಳನ್ನು ಮಾತ್ರ ಇಬ್ಬರೂ ಕೋಣೆಯಲ್ಲೇ ಬಿಟ್ಟು ಹೋಗಿ, ತಣ್ಣೀರಿನಲ್ಲಿ ಬೆರಳು ಸಣ್ಣಗಾಗಿ ಅವು ಜಾರಿಬೀಳುತ್ತವೆ. ಉಪ್ಪುನೀರಿಗೆ ದಾರದ ಅರಿಶಿನವೆಲ್ಲ ಬಿಟ್ಟುಕೊಂಡು ಬೆಳ್ಳಗಾಗಿತ್ತು. ಊರಿಗೆ ಬಂದ ಶುಕ್ರವಾರವೇ ಅತ್ತೆಯವರು ಹೊಸ ದಾರ ಹಾಕಿಸಿದರು.