ವ್ಯಾಲ್‌ಗ್ರಿಂಡ್‌ನಲ್ಲಿ ಸೋರಿಕೆ ಕಾಣದಿದ್ದರೂ ಬಹುಥ್ರೆಡ್ ಸರ್ವರ್‌ನ ಮೆಮೊರಿ ಏರುತ್ತಲೇ ಹೋಗುವುದೇಕೆ?

ನೀವು ಕೇಳಿರುವುದರ ಸಾರ ಇಷ್ಟು: ಲಿನಕ್ಸ್ ಮೇಲೆ ಓಡುವ, ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ, ಥ್ರೆಡ್ ಪೂಲ್ (ಬಂದ ಕೆಲಸಗಳನ್ನು ಹಂಚಿಕೊಂಡು ಒಟ್ಟಿಗೆ ಓಡುವ ಕಾಯಂ ಥ್ರೆಡ್‌ಗಳ ಗುಂಪು) ಇರುವ ನಿಮ್ಮ ಸರ್ವರ್ ಆರಂಭದಲ್ಲಿ ಸುಮಾರು 600 ಎಂಬಿ ಮೆಮೊರಿ ಬಳಸುತ್ತದೆ; ಕೆಲವು ದಿನಗಳಲ್ಲಿ ಅದು 4 ಜಿಬಿಗೆ ಏರಿ ಕಂಟೇನರಿನ ಮಿತಿಯನ್ನು ಮುಟ್ಟುತ್ತದೆ, ಕರ್ನಲ್ ಪ್ರೊಸೆಸ್ಸನ್ನು ಕೊಲ್ಲುತ್ತದೆ; ಮೆಮೊರಿ ದೋಷಗಳನ್ನು ಹುಡುಕುವ ವ್ಯಾಲ್‌ಗ್ರಿಂಡ್ ಹಾಕಿ ನೋಡಿದರೆ ಸೋರಿಕೆ ಏನೂ ಕಾಣುವುದಿಲ್ಲ. ಎಲ್ಲೋ ಬಿಟ್ಟುಹೋಗಿರಬಹುದಾದ ಒಂದು ಡಿಲೀಟ್‌ಗಾಗಿ ಕೋಡನ್ನು ಸಾಲುಸಾಲಾಗಿ ಓದಲು ಕೂರುವ ಮುಂಚೆ ಒಂದು ವಿಷಯ ಇತ್ಯರ್ಥವಾಗಬೇಕು. ಆ 4 ಜಿಬಿಯನ್ನು ನಿಮ್ಮ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿದೆಯೋ, ಅಥವಾ ಪ್ರೋಗ್ರಾಂ ಬಿಟ್ಟುಕೊಟ್ಟದ್ದನ್ನು ಮ್ಯಾಲಾಕ್ (ಪ್ರೋಗ್ರಾಂಗೆ ಮೆಮೊರಿ ಹಂಚಿಕೊಡುವ ಅಲೊಕೇಟರ್) ಕರ್ನಲ್‌ಗೆ ಒಪ್ಪಿಸದೆ ತನ್ನಲ್ಲೇ ಇಟ್ಟುಕೊಂಡಿದೆಯೋ? ಎರಡಕ್ಕೂ ಮದ್ದು ಬೇರೆ ಬೇರೆ. ಇದನ್ನು ತಿಳಿಯದೆ ಮಾಡುವ ಹುಡುಕಾಟದಲ್ಲಿ ವಾರಗಟ್ಟಲೆ ಶ್ರಮ ವ್ಯರ್ಥವಾಗುವುದನ್ನು ನಾನು ಕಂಡಿದ್ದೇನೆ.

ವ್ಯಾಲ್‌ಗ್ರಿಂಡ್ ಏಕೆ ಸುಮ್ಮನಿದೆ ಎಂಬುದನ್ನು ಮೊದಲು ಹೇಳುತ್ತೇನೆ. ಅದರ ಮೆಮ್‌ಚೆಕ್ ಉಪಕರಣ ಸೋರಿಕೆ ಎಂದು ಕರೆಯುವುದು, ಯಾವ ಪಾಯಿಂಟರೂ ತೋರಿಸದೆ ಅನಾಥವಾಗಿ ಉಳಿದ ಮೆಮೊರಿಯನ್ನು ಮಾತ್ರ. ದಿನದಿಂದ ದಿನಕ್ಕೆ ಹಿಗ್ಗುತ್ತಿರುವ ಒಂದು ಮ್ಯಾಪ್ ಅಥವಾ ಕ್ಯೂ ಅದರ ದೃಷ್ಟಿಯಲ್ಲಿ ಸೋರಿಕೆಯಲ್ಲ. ಪ್ರೋಗ್ರಾಂ ಮುಗಿಯುವಾಗ ಡಿಸ್ಟ್ರಕ್ಟರ್ ಎಲ್ಲವನ್ನೂ ಗುಡಿಸಿಬಿಡುವುದರಿಂದ ಕೊನೆಯ ವರದಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಮೆಮ್‌ಚೆಕ್ ವ್ಯವಸ್ಥೆಯ ಮ್ಯಾಲಾಕನ್ನು ತೆಗೆದು ತನ್ನದೇ ಮ್ಯಾಲಾಕನ್ನು ಆ ಜಾಗದಲ್ಲಿ ಇಡುತ್ತದೆ, ಜೊತೆಗೆ ಒಂದು ಹೊತ್ತಿಗೆ ಒಂದೇ ಥ್ರೆಡ್ಡನ್ನು ಓಡಿಸುತ್ತದೆ. ಹೀಗಾಗಿ ಹಲವು ಥ್ರೆಡ್‌ಗಳು ಮತ್ತು ನಿಜವಾದ ಅಲೊಕೇಟರ್ ಸೇರಿ ಉಂಟುಮಾಡುವ ಏರಿಕೆ ಅಲ್ಲಿ ಹುಟ್ಟುವುದೇ ಇಲ್ಲ.

ಅಳತೆಯನ್ನು ಓಡುತ್ತಿರುವ ಪ್ರೊಸೆಸ್‌ನಲ್ಲೇ ಮಾಡಬೇಕು. ಪ್ರಾಕ್ ಡೈರೆಕ್ಟರಿಯಲ್ಲಿ ಆ ಪ್ರೊಸೆಸ್‌ನ ಸ್ಟೇಟಸ್ ಫೈಲನ್ನು ತೆರೆದರೆ ವಿಎಂಸೈಜ್, ವಿಎಂಆರ್‌ಎಸ್‌ಎಸ್ ಎಂಬ ಎರಡು ಸಾಲುಗಳು ಕಾಣುತ್ತವೆ. ಮೊದಲನೆಯದು ಕಾದಿರಿಸಿದ ವಿಳಾಸಗಳ ಒಟ್ಟು ವಿಸ್ತಾರ, ಎರಡನೆಯದು ನಿಜವಾಗಿ ರ್‍ಯಾಮ್‌ನಲ್ಲಿ ಕುಳಿತಿರುವ ಪುಟಗಳು. ಕಂಟೇನರಿನ ಮಿತಿಗೆ ಲೆಕ್ಕವಾಗುವುದು ಮುಟ್ಟಿದ ಪುಟಗಳೇ ಹೊರತು ಬರೀ ವಿಳಾಸಗಳಲ್ಲ, ಆದ್ದರಿಂದ ವಿಎಂಸೈಜ್ ದೊಡ್ಡದಿದೆ ಎಂದಷ್ಟಕ್ಕೇ ಗಾಬರಿಯಾಗಬೇಕಿಲ್ಲ. ಬಳಿಕ ಪಿಮ್ಯಾಪ್ ಆದೇಶದಲ್ಲಿ ಅದೇ ಪ್ರೊಸೆಸ್‌ನ ನಕ್ಷೆಯನ್ನು ನೋಡಿ. ಒಟ್ಟು 65536 ಕೆಬಿ, ಅಂದರೆ ಸರಿಯಾಗಿ 64 ಎಂಬಿ ಆಗುವ ಜೋಡಿ ಸಾಲುಗಳು ಮತ್ತೆ ಮತ್ತೆ ಕಾಣುತ್ತಿದ್ದರೆ, ಒಂದು ಭಾಗಕ್ಕೆ ಓದು-ಬರಹದ ಅನುಮತಿ ಇದ್ದು ಉಳಿದದ್ದಕ್ಕೆ ಯಾವ ಅನುಮತಿಯೂ ಇಲ್ಲದಿದ್ದರೆ, ನೀವು ನೋಡುತ್ತಿರುವುದು ಜಿಲಿಬ್‌ಸಿಯ (ಮ್ಯಾಲಾಕ್ ಇರುವ, ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿ) ಅರೀನಾಗಳನ್ನು, ಅಂದರೆ ಮೆಮೊರಿ ಹಂಚಲು ಅದು ಮಾಡಿಕೊಂಡ ಪ್ರತ್ಯೇಕ ವಲಯಗಳನ್ನು.

ಈ ಅರೀನಾಗಳ ಕೆಲಸವನ್ನು ಸ್ವಲ್ಪ ವಿವರವಾಗಿಯೇ ತಿಳಿದುಕೊಳ್ಳಬೇಕು. ಎಲ್ಲ ಥ್ರೆಡ್‌ಗಳೂ ಒಂದೇ ಹೀಪಿನ (ಮ್ಯಾಲಾಕ್ ಹಂಚುವ ಮೆಮೊರಿ ಪ್ರದೇಶ) ಒಂದೇ ಲಾಕಿಗಾಗಿ ಕಾಯುವಂತಾಗಬಾರದು ಎಂದು ಜಿಲಿಬ್‌ಸಿ ಬೇರೆ ಬೇರೆ ಥ್ರೆಡ್‌ಗಳಿಗೆ ಬೇರೆ ಬೇರೆ ಅರೀನಾಗಳನ್ನು ಕೊಡುತ್ತದೆ. 64 ಬಿಟ್ ಯಂತ್ರದಲ್ಲಿ ಅವುಗಳ ಗರಿಷ್ಠ ಸಂಖ್ಯೆ ಕೋರ್‌ಗಳ 8 ಪಟ್ಟು. 16 ಕೋರ್‌ಗಳಿದ್ದರೆ 128 ಅರೀನಾಗಳವರೆಗೆ ಹೋಗಬಹುದು. ಕಂಟೇನರ್ ಬಳಸುವವರು ಇಲ್ಲಿ ಒಂದನ್ನು ಗಮನಿಸಬೇಕು: ಸಿಪಿಯು ಕೋಟಾವನ್ನು ಎರಡು ಕೋರ್‌ಗಳಷ್ಟಕ್ಕೆ ಇಳಿಸಿದ್ದರೂ ಈ ಲೆಕ್ಕ ಕೋಟಾವನ್ನು ಪರಿಗಣಿಸುವುದಿಲ್ಲ, ಆದ್ದರಿಂದ 64 ಕೋರ್‌ಗಳ ಯಂತ್ರದ ಮೇಲಿರುವ ಚಿಕ್ಕ ಕಂಟೇನರಿಗೂ 512ರ ಮಿತಿ ಬರಬಹುದು. ಒಂದು ಥ್ರೆಡ್ ಪಡೆದ ತುಣುಕನ್ನು ಇನ್ನೊಂದು ಥ್ರೆಡ್ ಬಿಡುಗಡೆ ಮಾಡಿದಾಗ, ಆ ಥ್ರೆಡ್ಡಿನ ಚಿಕ್ಕ ಕ್ಯಾಶ್‌ನಲ್ಲಿ ಹಿಡಿಸಿದ್ದನ್ನು ಬಿಟ್ಟರೆ, ಅದು ಹುಟ್ಟಿದ ಅರೀನಾಕ್ಕೇ ಮರಳುತ್ತದೆ. ಬಿಡುಗಡೆ ಮಾಡಿದ ಥ್ರೆಡ್ ತನ್ನ ಮುಂದಿನ ಕೆಲಸಕ್ಕೆ ಅದನ್ನು ಬಳಸಲಾರದು. ಅದರ ಮೇಲೆ, ಅರೀನಾ ತನ್ನ ಹೀಪನ್ನು ಸಾಮಾನ್ಯವಾಗಿ ಕುಗ್ಗಿಸುವುದು ಮೇಲ್ತುದಿಯಿಂದ ಮಾತ್ರ, ಹಾಗಾಗಿ ತುದಿಯ ಹತ್ತಿರ ದೀರ್ಘಕಾಲ ಬದುಕುವ ಒಂದು ಸಣ್ಣ ವಸ್ತು ಇದ್ದರೂ ಕೆಳಗಿನ ಖಾಲಿ ಜಾಗವೆಲ್ಲ ಹಾಗೆಯೇ ಉಳಿಯುತ್ತದೆ. ಈಗ ಭಾರವಾದ ಒಂದು ಕೋರಿಕೆ ಇವತ್ತು ಒಂದು ಥ್ರೆಡ್ಡಿಗೆ, ನಾಳೆ ಇನ್ನೊಂದಕ್ಕೆ ಬೀಳುತ್ತದೆ ಎಂದು ಭಾವಿಸಿ. ಒಂದು ಕ್ಷಣದಲ್ಲಿ ಬೇಕಾಗುವ ಮೆಮೊರಿ ಹೆಚ್ಚಿರುವುದಿಲ್ಲ, ಆದರೆ ಪ್ರತಿ ಅರೀನಾ ತಾನು ಕಂಡ ಅತಿ ಹೆಚ್ಚಿನ ಬಳಕೆಯ ಮಟ್ಟದಲ್ಲಿ ಹಿಗ್ಗಿ ನಿಲ್ಲುತ್ತದೆ, ಮತ್ತು ಆ ಎಲ್ಲ ಮಟ್ಟಗಳ ಮೊತ್ತವೇ ನಿಮ್ಮ ಆರ್‌ಎಸ್‌ಎಸ್ (ಮೇಲೆ ಹೇಳಿದ ವಿಎಂಆರ್‌ಎಸ್‌ಎಸ್ ಅಂಕಿ) ಆಗುತ್ತದೆ. ನಿಧಾನವಾಗಿ, ದಿನಗಟ್ಟಲೆ ಏರುವ ಗ್ರಾಫಿಗೆ ಇದೊಂದೇ ಸಾಕು.

ಇದು ಊಹೆಯಾಗಿ ಉಳಿಯಬಾರದು, ಪರೀಕ್ಷಿಸಿ ನೋಡಿ. ಮ್ಯಾಲಾಕ್_ಇನ್ಫೋ ಎಂಬ ಫಂಕ್ಷನ್ ಪ್ರತಿ ಅರೀನಾ ಕರ್ನಲ್‌ನಿಂದ ಎಷ್ಟು ಪಡೆದಿದೆ, ಅದರಲ್ಲಿ ಎಷ್ಟು ಖಾಲಿ ಇದೆ ಎಂಬುದನ್ನು ಎಕ್ಸ್‌ಎಂಎಲ್ ರೂಪದಲ್ಲಿ ಬರೆದುಕೊಡುತ್ತದೆ. ಹಳೆಯ ಮ್ಯಾಲ್‌ಇನ್ಫೋ ಫಂಕ್ಷನ್ನನ್ನು ನಂಬಬೇಡಿ: ಅದರ ಅಂಕಿಗಳು ಇಂಟ್ ಆಗಿರುವುದರಿಂದ 2 ಜಿಬಿ ದಾಟಿದೊಡನೆ ಅರ್ಥ ಕಳೆದುಕೊಳ್ಳುತ್ತವೆ. ಮ್ಯಾಲಾಕ್_ಇನ್ಫೋವನ್ನು ಸಿಗ್ನಲ್ ಹ್ಯಾಂಡ್ಲರ್ ಒಳಗಿಂದ ನೇರವಾಗಿ ಕರೆಯುವುದಾಗಲಿ, ಜಿಡಿಬಿ ಡಿಬಗರ್‌ನಿಂದ ಪ್ರೊಸೆಸ್ಸನ್ನು ಎಲ್ಲೆಂದರಲ್ಲಿ ನಿಲ್ಲಿಸಿ ಕರೆಯುವುದಾಗಲಿ ಬೇಡ. ನಿಂತ ಥ್ರೆಡ್ ಅರೀನಾದ ಲಾಕ್ ಹಿಡಿದಿದ್ದರೆ ಇಡೀ ಸರ್ವರ್ ಸಿಕ್ಕಿಹಾಕಿಕೊಳ್ಳುತ್ತದೆ. ಇದಕ್ಕೆಂದೇ ಒಂದು ಆಡಳಿತ ಆದೇಶವನ್ನು ಸರ್ವರ್‌ನಲ್ಲಿ ಸೇರಿಸಿಕೊಳ್ಳುವುದು ಸುರಕ್ಷಿತ, ಅದು ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಅದೇ ಆದೇಶದಲ್ಲಿ ಮ್ಯಾಲಾಕ್_ಟ್ರಿಮ್ ಅನ್ನು ಸೊನ್ನೆ ಕೊಟ್ಟು ಕರೆಯುವ ದಾರಿಯನ್ನೂ ಇಡಿ. ಜಿಲಿಬ್‌ಸಿ 2.8ರಿಂದ ಈಚೆಗೆ ಅದು ಎಲ್ಲ ಅರೀನಾಗಳಲ್ಲೂ ನಡುವೆ ಸಿಕ್ಕಿಕೊಂಡಿರುವ ಪೂರ್ತಿ ಖಾಲಿ ಪುಟಗಳನ್ನು ಕರ್ನಲ್‌ಗೆ ಒಪ್ಪಿಸುತ್ತದೆ. ಕರೆದ ತಕ್ಷಣ 4 ಜಿಬಿ ಇದ್ದ ಆರ್‌ಎಸ್‌ಎಸ್ ಒಂದು ಜಿಬಿಯ ಆಸುಪಾಸಿಗೆ ಇಳಿದರೆ ಮೆಮೊರಿ ಮ್ಯಾಲಾಕ್‌ನ ಬಳಿ ಇತ್ತು ಎಂಬುದು ಖಚಿತ. ಇಳಿಯದಿದ್ದರೆ, ಒಂದೋ ಪುಟಪುಟಕ್ಕೂ ಬದುಕಿರುವ ಚೂರುಗಳು ಅಂಟಿಕೊಂಡಿವೆ, ಇಲ್ಲವೇ ಮೆಮೊರಿ ನಿಜವಾಗಿಯೂ ನಿಮ್ಮ ದತ್ತಾಂಶದ್ದು. ಬಳಕೆಯಲ್ಲಿರುವ ಭಾಗ ಆರ್‌ಎಸ್‌ಎಸ್ ಜೊತೆಗೇ ಏರುತ್ತಿದೆಯೇ ಎಂಬುದನ್ನು ಮ್ಯಾಲಾಕ್_ಇನ್ಫೋ ಅಂಕಿಗಳಿಂದ ಲೆಕ್ಕಹಾಕಿದರೆ ಇವೆರಡರಲ್ಲಿ ಯಾವುದು ಎಂದು ತಿಳಿಯುತ್ತದೆ.

ಮ್ಯಾಲಾಕ್ ಕಾರಣ ಎಂದು ಸಾಬೀತಾದರೆ, ಮ್ಯಾಲಾಕ್_ಅರೀನಾ_ಮ್ಯಾಕ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 2 ಅಥವಾ 4 ಎಂದು ಕೊಟ್ಟು ಸರ್ವರ್ ಆರಂಭಿಸಿ, ಅದೇ ಹೊರೆಯಲ್ಲಿ ಮತ್ತೆ ಅಳೆಯಿರಿ. ಥ್ರೆಡ್‌ಗಳು ಲಾಕಿಗಾಗಿ ಕಾಯುವುದು ಹೆಚ್ಚಬಹುದು, ಆದ್ದರಿಂದ ಮೆಮೊರಿಯ ಜೊತೆಗೆ ಉತ್ತರ ಕೊಡಲು ಹಿಡಿಯುವ ಸಮಯವನ್ನೂ ನೋಡಬೇಕು. ಅದು ಒಪ್ಪಿಗೆಯಾಗದಿದ್ದರೆ ಜಿಲಿಬ್‌ಸಿಯ ಮ್ಯಾಲಾಕ್ ಬದಲಿಗೆ ಜೆಮ್ಯಾಲಾಕ್ ಎಂಬ ಇನ್ನೊಂದು ಅಲೊಕೇಟರ್ ಹಾಕಿ ನೋಡಿ. ಅದರ 5ನೇ ಆವೃತ್ತಿಯಿಂದ, ಬಳಸದೆ ಬಿದ್ದಿರುವ ಪುಟಗಳನ್ನು ಸುಮಾರು 10 ಸೆಕೆಂಡುಗಳ ಅವಧಿಯಲ್ಲಿ ಹಂತಹಂತವಾಗಿ ಬಿಟ್ಟುಕೊಡುವುದು ಪೂರ್ವನಿಯೋಜಿತ ನಡವಳಿಕೆ. ನಿಮ್ಮ ಕಂಟೇನರ್ ಇಮೇಜ್ ಆಲ್ಪೈನ್ ಲಿನಕ್ಸ್ ಆಗಿದ್ದರೆ ಮ್ಯಾಲಾಕ್_ಅರೀನಾ_ಮ್ಯಾಕ್ಸ್ ಸೆಟ್ಟಿಂಗ್ ಯಾವ ಪರಿಣಾಮವನ್ನೂ ಬೀರದು, ಏಕೆಂದರೆ ಅಲ್ಲಿರುವುದು ಜಿಲಿಬ್‌ಸಿ ಅಲ್ಲ, ಮಸಲ್ ಎಂಬ ಬೇರೆ ಸಿ ಲೈಬ್ರರಿ. ಹಾಗೆಯೇ ಪರೀಕ್ಷೆ ಮಾಡದೆ ಅರೀನಾಗಳ ಈ ಮಿತಿಯನ್ನು ಹಾಕಿ ಸಮಾಧಾನಪಟ್ಟುಕೊಳ್ಳುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ: ನಿಜವಾದ ಏರಿಕೆಯೊಂದು ಅಡಗಿದ್ದರೆ ಸರ್ವರ್ ಬೀಳುವ ದಿನ ಮುಂದಕ್ಕೆ ಹೋಗುತ್ತದೆಯೇ ಹೊರತು ತಪ್ಪುವುದಿಲ್ಲ.

ದತ್ತಾಂಶವೇ ಬೆಳೆಯುತ್ತಿದ್ದರೆ ಬಹುಥ್ರೆಡ್ ಪ್ರೋಗ್ರಾಂಗಳಲ್ಲಿ ನಾನು ಮೊದಲು ಅನುಮಾನಿಸುವುದು ಮಿತಿಯಿಲ್ಲದ ಕ್ಯೂಗಳನ್ನು. ತುಂಬುವ ಥ್ರೆಡ್‌ಗಳು ಖಾಲಿ ಮಾಡುವ ಥ್ರೆಡ್‌ಗಳಿಗಿಂತ ಸ್ವಲ್ಪವೇ ವೇಗವಾಗಿದ್ದರೂ ಸಾಕು, ಕೆಲಸಗಳು ಸದ್ದಿಲ್ಲದೆ ಗುಡ್ಡೆಬೀಳುತ್ತವೆ. ಪ್ರತಿ ಕ್ಯೂವಿನ ಉದ್ದವನ್ನು ಮೆಟ್ರಿಕ್ ಆಗಿ ದಾಖಲಿಸಿದರೆ ಆರ್‌ಎಸ್‌ಎಸ್ ಗ್ರಾಫಿನ ಪಕ್ಕದಲ್ಲಿ ಅದು ತಾನಾಗಿ ಕಾಣಿಸಿಕೊಳ್ಳುತ್ತದೆ. ಎರಡನೆಯದು ಥ್ರೆಡ್-ಲೋಕಲ್ ಬಫರ್‌ಗಳು, ಅಂದರೆ ಪ್ರತಿ ಥ್ರೆಡ್ ತನಗಾಗಿಯೇ ಇಟ್ಟುಕೊಳ್ಳುವ ಬಫರ್‌ಗಳು: ಪೂಲಿನ ಥ್ರೆಡ್ ಸಾಯುವುದೇ ಇಲ್ಲ, ಹಾಗಾಗಿ ಒಮ್ಮೆ ಹಿಗ್ಗಿದ ವೆಕ್ಟರ್ ಕ್ಲಿಯರ್ ಮಾಡಿದರೂ ತನ್ನ ಸಾಮರ್ಥ್ಯವನ್ನು ಬಿಡುವುದಿಲ್ಲ, ಅದು ಥ್ರೆಡ್‌ಗಳ ಸಂಖ್ಯೆಯಷ್ಟು ಪಟ್ಟಾಗುತ್ತದೆ. ಪಿಥ್ರೆಡ್ ಲೈಬ್ರರಿಯನ್ನು ನೇರವಾಗಿ ಬಳಸುವ ಹಳೆಯ ಕೋಡ್ ಇದ್ದರೆ, ಜಾಯಿನ್ ಆಗಲಿ ಡಿಟ್ಯಾಚ್ ಆಗಲಿ ಮಾಡದೆ ಮುಗಿದ ಥ್ರೆಡ್‌ಗಳನ್ನೂ ಹುಡುಕಿ; ಅವು ಸ್ಟೇಟಸ್ ಫೈಲಿನ ಥ್ರೆಡ್ ಎಣಿಕೆಯಲ್ಲಿ ಕಾಣದಿದ್ದರೂ ಅವುಗಳ ಸ್ಟ್ಯಾಕ್, ಸಾಮಾನ್ಯವಾಗಿ ತಲಾ 8 ಎಂಬಿ ವಿಳಾಸ, ನಕ್ಷೆಯಲ್ಲಿ ಉಳಿದಿರುತ್ತದೆ.

ಇಷ್ಟರಲ್ಲೂ ಸಿಗದಿದ್ದರೆ ಹೀಪ್ ಪ್ರೊಫೈಲರ್, ಅಂದರೆ ಯಾವ ಕೋಡ್ ಎಷ್ಟು ಮೆಮೊರಿ ಪಡೆದಿದೆ ಎಂದು ತೋರಿಸುವ ಉಪಕರಣ, ಬೇಕು. ಪ್ರೊಫೈಲಿಂಗ್ ಸಹಿತ ಕಟ್ಟಿದ ಜೆಮ್ಯಾಲಾಕ್ ಸರಾಸರಿ 512 ಕೆಬಿ ಹಂಚಿಕೆಗೊಮ್ಮೆ ಮಾತ್ರ ಮಾದರಿ ತೆಗೆಯುವುದರಿಂದ ಅದನ್ನು ನಿಜವಾದ ಹೊರೆಯಲ್ಲೂ ಓಡಿಸಬಹುದು. ಹೀಪ್‌ಟ್ರ್ಯಾಕ್ ಎಂಬ ಇನ್ನೊಂದು ಉಪಕರಣ ಪ್ರತಿ ಹಂಚಿಕೆಯನ್ನೂ ದಾಖಲಿಸುತ್ತದೆ, ಆದ್ದರಿಂದ ಪರೀಕ್ಷಾ ಸರ್ವರಿಗೆ ಹೆಚ್ಚು ಸೂಕ್ತ. ಒಂದೇ ಡಂಪಿನಲ್ಲಿ (ಒಂದು ಕ್ಷಣದ ಪ್ರೊಫೈಲ್ ದಾಖಲೆ) ಅತಿ ದೊಡ್ಡದಾಗಿ ಕಾಣುವ ಸಾಲಿನ ಬೆನ್ನುಹತ್ತಬೇಡಿ, ಅದು ಆರಂಭದಲ್ಲೇ ತುಂಬಿಕೊಂಡ ನ್ಯಾಯವಾದ ಕ್ಯಾಶ್ ಆಗಿರಬಹುದು. ಸರ್ವರ್‌ನ ಕ್ಯಾಶ್‌ಗಳು ತುಂಬಿ ಹೊರೆ ಸ್ಥಿರವಾದ ಮೇಲೆ ಒಂದು ಡಂಪ್, ಕೆಲವು ಗಂಟೆಗಳ ನಂತರ ಅದೇ ಮಟ್ಟದ ಹೊರೆಯಲ್ಲಿ ಇನ್ನೊಂದು ಡಂಪ್ ತೆಗೆದು, ಜೆಮ್ಯಾಲಾಕ್ ಜೊತೆ ಬರುವ ಜೆಪ್ರಾಫ್ ಉಪಕರಣಕ್ಕೆ ಮೊದಲನೆಯದನ್ನು ತಳಹದಿಯಾಗಿ ಕೊಟ್ಟರೆ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಆ ವ್ಯತ್ಯಾಸದ ಮೇಲ್ಭಾಗದಲ್ಲಿರುವ ಕರೆಗಳ ಸರಣಿಯನ್ನು ನಿಮ್ಮ ಮುಂದಿನ ಪ್ರಶ್ನೆಯಲ್ಲಿ ಮ್ಯಾಲಾಕ್_ಇನ್ಫೋ ಅಂಕಿಗಳೊಂದಿಗೆ ಹಾಕಿದರೆ, ಕಾರಣವನ್ನು ನಿಖರವಾಗಿ ಹೇಳಲು ಸಾಧ್ಯವಾಗುತ್ತದೆ.