ಸಂಪಾದಕರ ಉತ್ತರ: ಮೀನೂಟದ ಹೋಟೆಲಿಗೆ ಮೇ ತಿಂಗಳು ಬೇಡ

ಕಾರವಾರದ ಓದುಗರೊಬ್ಬರ ಪತ್ರ: ಬೆಂಗಳೂರಿನಲ್ಲಿ ಅಡುಗೆ ಕೆಲಸ ಕಲಿತ ತಮ್ಮನು ಊರಿಗೆ ಮರಳಿದ್ದಾನೆ. ಮೇ ಕೊನೆಗೆ ಹೆದ್ದಾರಿ ಬದಿಯಲ್ಲಿ 40 ಕುರ್ಚಿಗಳ ಮೀನೂಟದ ಹೋಟೆಲ್ ತೆರೆಯುವ ಯೋಚನೆಯಿದೆ. ಬೆಂಗಳೂರಿನ ಹೊಸ ಕರಾವಳಿ ಹೋಟೆಲುಗಳ ಹಾಗೆ ಅರವತ್ತು ಬಗೆ ಇಡಬಹುದೇ, ಮಳೆಗಾಲಕ್ಕೆ ಒಂದು ದೊಡ್ಡ ಫ್ರೀಜರ್ ಸಾಲದೇ ಎಂದು ಕೇಳಿದ್ದಾರೆ.

ಮೊದಲು ತಾರೀಖು ಬದಲಿಸಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಸಿಗುವುದು ನಾಡದೋಣಿಯವರು ತಂದಷ್ಟೇ. ನಿಷೇಧ ಮುಗಿಯುವಾಗ ಶ್ರಾವಣ ಬಂದಿರುತ್ತದೆ, ಇಲ್ಲವೇ ಬಾಗಿಲಲ್ಲಿರುತ್ತದೆ. ಚೌತಿ ದಾಟುವ ತನಕ ಮೀನು ಮುಟ್ಟದ ಮನೆಗಳು ನಮ್ಮ ಕಡೆ ಎಷ್ಟೋ ಇವೆ. ಬಾಡಿಗೆ, ಸಂಬಳ ಮಾತ್ರ ಮೊದಲ ದಿನದಿಂದಲೇ ಓಡುತ್ತವೆ.

ಅರವತ್ತು ಬಗೆ ಖಂಡಿತ ಬೇಡ. ಒಂದು ತವಾದಲ್ಲಿ ಎಂಟು ಬಂಗುಡೆ ಹಿಡಿಸಿದರೆ, ಎರಡೂ ಬದಿ ಬೇಯಲು ಎಂಟು–ಹತ್ತು ನಿಮಿಷ ಬೇಕು. ಗಂಟೆಗೆ ಐವತ್ತರ ಸುಮಾರು. ಮಧ್ಯಾಹ್ನದ ಗಿರಾಕಿಗಳು ಒಂದರಿಂದ ಎರಡು ಗಂಟೆಯೊಳಗೇ ನುಗ್ಗುತ್ತಾರೆ. ಎರಡು ತವಾ, ನಾಲ್ಕು ಬಗೆ ಫ್ರೈ, ಎರಡು ಸಾರು, ಮುರುಗಲು-ತೆಂಗಿನಹಾಲಿನ ಸೋಲ್‌ಕಡಿ ಇಷ್ಟಿದ್ದರೆ ಊಟ ಬಿಸಿಯಾಗಿ ಎಲೆಗೆ ಬರುತ್ತದೆ. ಫ್ರೈಗೆ ಹಚ್ಚಿದ ರವೆ ಉದುರುತ್ತಿದ್ದರೆ ಮಸಾಲೆಯನ್ನು ದೂರಬೇಡಿ. ಮೀನಿನಲ್ಲಿ ನೀರು ಉಳಿದಿರುತ್ತದೆ. ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒತ್ತಿ ಒರೆಸಿ, ಆಮೇಲೆ ಮಸಾಲೆ ಹಚ್ಚಿ.

ಫ್ರೀಜರಿಗಿಂತ ಐಸ್ ಪೆಟ್ಟಿಗೆ ಮುಖ್ಯ. ಒಂದು ಕೆಜಿ ಮೀನಿಗೆ ಒಂದು ಕೆಜಿ ಪುಡಿ ಐಸ್, ಕೆಳಗೊಂದು ಪದರ, ನಡುವೊಂದು, ಮೇಲೊಂದು. ಪೆಟ್ಟಿಗೆಯ ತಳದಲ್ಲಿ ತೂತು ಇರಲೇಬೇಕು. ಕರಗಿದ ನೀರಿನಲ್ಲಿ ನೆನೆದ ಮೀನು ಬೇಗ ಕೆಡುತ್ತದೆ. ಬಂಗುಡೆ, ತಾರ್ಲೆ (ಬೂತಾಯಿ) ಮೀನುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ತಂಪು ತಪ್ಪಿದರೆ ಅವುಗಳಲ್ಲಿ ಬ್ಯಾಕ್ಟೀರಿಯಾಗಳಿಂದ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಆಮೇಲೆ ಎಷ್ಟು ಹುರಿದರೂ, ಕುದಿಸಿದರೂ ಅದು ಹೋಗುವುದಿಲ್ಲ, ವಾಸನೆಯಿಂದಲೂ ಗೊತ್ತಾಗಬೇಕೆಂದಿಲ್ಲ. ಉಂಡವರ ಮುಖ ಕೆಂಪೇರಿ, ತುರಿಕೆ, ತಲೆನೋವು ಶುರುವಾಗುತ್ತದೆ. ಅವರು ಅದನ್ನು ಅಲರ್ಜಿ ಎಂದುಕೊಳ್ಳಬಹುದು, ತಪ್ಪು ಮಾತ್ರ ನಿಮ್ಮ ಪೆಟ್ಟಿಗೆಯದು. 4 ಡಿಗ್ರಿ ಮೀರದಂತೆ ನೋಡಿ, ಥರ್ಮಾಮೀಟರ್ ಇಟ್ಟು ದಿನಕ್ಕೆರಡು ಸಲ ಬರೆದಿಡಿ.

ಫ್ರೀಜರ್ ಕೊಳ್ಳುವುದಾದರೆ ಅದು ಮೈನಸ್ 18 ಹಿಡಿಯಬೇಕು. 300 ಲೀಟರಿನದಕ್ಕೆ ದಿನಕ್ಕೆ 10–12 ಕೆಜಿ ಹೊಸ ಮೀನಿಗಿಂತ ಹೆಚ್ಚು ತುಂಬಬೇಡಿ. ಒಮ್ಮೆಲೇ ಹೇರಿದರೆ ನಿಧಾನವಾಗಿ ಹೆಪ್ಪುಗಟ್ಟಿ, ಒಳಗೆ ದೊಡ್ಡ ಹರಳುಗಳಾಗಿ, ಕರಗಿಸಿದಾಗ ಮಾಂಸ ನೀರು ಬಿಟ್ಟು ಮೆತ್ತಗಾಗುತ್ತದೆ. ಇಸೋಣದ (ಅಂಜಲ್ ಮೀನಿನ) ತುಂಡು, ಸಿಗಡಿ ಇಡಬಹುದು. ತಾರ್ಲೆ ಬೇಡ, ಅದರ ಎಣ್ಣೆ ಕಮಟುತ್ತದೆ. ಮುಂದಿನ ಮಳೆಗಾಲಕ್ಕೆ ಒಣ ಬಂಗುಡೆ, ಒಣ ಸಿಗಡಿ ಚಟ್ನಿ, ಕೋಳಿ, ಕಳಲೆ ಇಟ್ಟುಕೊಳ್ಳಿ. ಅವೂ ನಮ್ಮೂರಿನ ಊಟವೇ.

ಉಪ್ಪುಗಾಳಿಯನ್ನು ಬೆಂಗಳೂರಿನ ಲೆಕ್ಕದಲ್ಲಿ ನೋಡಬೇಡಿ. ಸ್ಟೀಲ್ ಮೇಜು, ಸಿಂಕುಗಳಿಗೆ 304 ದರ್ಜೆಯೇ ಇರಲಿ, 202 ಇಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಗ್ಯಾಸಿಗೆ 19 ಕೆಜಿಯ ವಾಣಿಜ್ಯ ಸಿಲಿಂಡರ್ ಮಾತ್ರ. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಗಿರಾಕಿಗೆ ಕಾಣುವಂತಿರಲಿ.

ಚೌತಿಯ ನಂತರ ಒಂದು ವಾರ ಪರಿಚಿತರಿಗೆ ದಿನಕ್ಕೆ ಇಪ್ಪತ್ತು ಊಟ ಬಡಿಸಿ ನೋಡಿ. ಯಾವ ತಟ್ಟೆಯಲ್ಲಿ ಏನು ಉಳಿಯಿತೆಂದು ನಿಮ್ಮ ತಮ್ಮನೇ ಬರೆದಿಡಲಿ. ನವರಾತ್ರಿಯಲ್ಲೂ ಮೀನು ಬಿಡುವವರಿದ್ದಾರೆ. ಬೋರ್ಡನ್ನು ವಿಜಯದಶಮಿಗೆ ಏರಿಸಿ.