ಅತ್ತೆಗೆ ಉಪವಾಸ, ಮಗಳಿಗೆ ಮೊಲ: ಈಸ್ಟರ್‌ಗೆ ನಮ್ಮ ಮನೆಯಲ್ಲಿ ಏನು ಮಾಡೋದು?

ಪ್ರಶ್ನೆ: ನನ್ನ ತವರು ಹುಬ್ಬಳ್ಳಿ, ನಾವು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆಯವರು. ಗಂಡನ ಮನೆಯವರು ಮಂಗಳೂರಿನ ಕ್ಯಾಥೋಲಿಕರು. ಈಗ ಬೆಂಗಳೂರಿನಲ್ಲಿದ್ದೇವೆ, ಅತ್ತೆಯೂ ಜೊತೆಗಿದ್ದಾರೆ. ಮಗಳಿಗೆ 6 ವರ್ಷ, ಮಗನಿಗೆ 3. ಅಪಾರ್ಟ್‌ಮೆಂಟಿನ ಗೆಳತಿಯರ ಹಾಗೆ ಮಗಳಿಗೂ ಈಸ್ಟರ್ ಮೊಲ, ಚಾಕೊಲೇಟ್ ಮೊಟ್ಟೆ ಬೇಕು. ಅತ್ತೆಗೆ ಅದನ್ನು ಕಂಡರಾಗದು. ಅವಳು ಶುಭ ಶುಕ್ರವಾರ ಉಪವಾಸ ಇರಲಿ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆ ಹಾದಿ ಪ್ರಾರ್ಥನೆಗೆ ಬರಲಿ ಅಂತಾರೆ. ಹೋದ ವರ್ಷ ಅಲ್ಲಿ ಹೆದರಿಕೊಂಡು ತುಂಬಾ ಅತ್ತಳು. ನನಗೆ ನಮ್ಮೂರಲ್ಲಿ ಭಾನುವಾರ ಬೆಳಗಿನ ಜಾವ ಸ್ಮಶಾನದಲ್ಲಿ ನಡೆಯುವ ಆರಾಧನೆ ಮಕ್ಕಳಿಗೂ ಗೊತ್ತಾಗಬೇಕು ಅನ್ನೋ ಆಸೆ. ಗಂಡ "ನೀವೇ ನೋಡ್ಕೊಳ್ಳಿ" ಅಂತ ಸುಮ್ಮನಾಗ್ತಾರೆ. ಎಲ್ಲರಿಗೂ ಎಲ್ಲವನ್ನೂ ಮಾಡಿಕೊಡಲು ಹೋಗಿ ಹಬ್ಬದ ದಿನ ಅಳೋದು ನಾನೇ. ಏನು ಮಾಡಲಿ?

ಉತ್ತರ: ತಂಗಿ, ಹಬ್ಬದ ದಿನ ಅಳ್ತೀನಿ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನಿಜವಾಗಿ ಬೇಜಾರಾಯ್ತು. ಮೊದಲು ನಿಮ್ಮ ಪಟ್ಟಿ ಚಿಕ್ಕದು ಮಾಡಿ. ಈ ವಯಸ್ಸಿನ ಮಕ್ಕಳಿಗೆ ಪ್ರತಿ ವರ್ಷ ತಪ್ಪದೆ ಬರುವ, ತಾವೇ ಕೈ ಹಾಕಿ ಮಾಡುವ ಎರಡು ಮೂರು ಕೆಲಸ ಇದ್ದರೆ ಸಾಕು. ಮಗನಿಗೆ ಹೋದ ವರ್ಷದ್ದು ನೆನಪೂ ಇರಲ್ಲ. ಆದರೆ ಮಗಳು "ಹೋದ ಸಲ ಹೀಗೆ ಮಾಡಿದ್ವಲ್ಲ" ಅಂತ ಕೇಳುವ ವಯಸ್ಸಿಗೆ ಬಂದಿದ್ದಾಳೆ. ಹಾಗಾಗಿ ಈಗ ದೊಡ್ಡವರು ನೀವು ಕೂತು ಆರಿಸಿಕೊಳ್ಳುವುದೇ ಮುಂದೆ ಅವಳ ಪಾಲಿಗೆ ಈಸ್ಟರ್ ಆಗುತ್ತದೆ.

ಉಪವಾಸದ ಜಗಳಕ್ಕೆ ಉತ್ತರ ಕ್ಯಾಥೋಲಿಕ್ ಚರ್ಚಿನ ನಿಯಮದಲ್ಲೇ ಇದೆ. ಅಲ್ಲಿ ಉಪವಾಸ ಕಡ್ಡಾಯ ಆಗೋದು 18 ತುಂಬಿದ ಮೇಲೆ, ಅದೂ 59 ತುಂಬುವವರೆಗೆ. ಮಾಂಸ ಬಿಡುವ ನಿಯಮ 14 ತುಂಬಿದ ಮೇಲೆ. 6 ವರ್ಷದ ಮಗು ಹಸಿದಿರಲಿ ಅಂತ ಚರ್ಚೇ ಕೇಳುತ್ತಿಲ್ಲ. ಆದರೆ ಈ ಮಾತನ್ನು ಅತ್ತೆಗೆ ಅವರ ಮಗನೇ ಹೇಳಲಿ. ಬೇರೆ ಸಭೆಯಿಂದ ಬಂದ ಸೊಸೆ ಹೇಳಿದರೆ, ಎಷ್ಟು ಮೆತ್ತಗೆ ಹೇಳಿದರೂ, ಪಾಠ ಮಾಡಿದ ಹಾಗೆ ಕೇಳಿಸುತ್ತದೆ. ಇನ್ನೊಂದು ವಿಷಯ. ಅದೇ ನಿಯಮ ಚಿಕ್ಕ ಮಕ್ಕಳಿಗೂ ತ್ಯಾಗದ ಅರ್ಥ ತಿಳಿಸಿಕೊಡಿ ಅಂತಾನೂ ಹೇಳುತ್ತದೆ. ಅಂದರೆ ಅತ್ತೆಯ ಆಸೆ ತಪ್ಪಲ್ಲ, ಕೇಳುತ್ತಿರುವುದು ಮಗುವಿಗೆ ಜಾಸ್ತಿ ಆಯ್ತು ಅಷ್ಟೇ. ಈಸ್ಟರ್‌ಗೆ ಮುಂಚಿನ 40 ದಿನದ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಗಳು ಕಾರ್ಟೂನೋ ಐಸ್‌ಕ್ರೀಮೋ, ತಾನೇ ಆರಿಸಿದ ಯಾವುದಾದರೂ ಒಂದನ್ನು ಬಿಡಲಿ. ಉಳಿದ ದುಡ್ಡನ್ನು ಅಜ್ಜಿಯ ಹತ್ತಿರ ಇರುವ ಡಬ್ಬಿಗೆ ಹಾಕಲಿ. ಹಬ್ಬದ ಹಿಂದಿನ ದಿನ ಅಜ್ಜಿ ಮೊಮ್ಮಗಳು ಕೂತು ಎಣಿಸಿ, ಯಾರಿಗೆ ಕೊಡಬೇಕು ಅಂತ ಇಬ್ಬರೇ ತೀರ್ಮಾನಿಸಲಿ.

ಇನ್ನು ಮೊಟ್ಟೆ. ಅತ್ತೆಗೆ ಅದು ಅಂಗಡಿಯವರು ತಂದಿಟ್ಟ ಹಬ್ಬ ಅನ್ನಿಸಿರಬಹುದು. ಚಾಕೊಲೇಟ್ ಮೊಟ್ಟೆಯ ಮಟ್ಟಿಗೆ ಅದು ಸರಿಯೇ. ಬ್ರಿಟನ್ನಿನಲ್ಲಿ ಫ್ರೈ ಕಂಪನಿ ಮೊದಲು ಮಾಡಿ ಮಾರಿದ್ದು 1873ರಲ್ಲಿ. ಆದರೆ ನಿಜವಾದ ಮೊಟ್ಟೆ ಬಂದಿದ್ದು ಉಪವಾಸದ ಜೊತೆಗೇ. ಹಿಂದೆ ಯುರೋಪಿನಲ್ಲಿ ಆ 40 ದಿನ ಮಾಂಸದ ಜೊತೆ ಮೊಟ್ಟೆಯನ್ನೂ ಬಿಡುತ್ತಿದ್ದರು. ಕೋಳಿಗಳಿಗೇನು ಉಪವಾಸ, ಅವು ಇಡುತ್ತಲೇ ಇರುತ್ತಿದ್ದವು. ಕೂಡಿಟ್ಟ ಮೊಟ್ಟೆಗಳನ್ನು ಬೇಯಿಸಿ, ಬಣ್ಣ ಹಚ್ಚಿ, ಹಬ್ಬದ ದಿನ ಹಂಚಿ ತಿನ್ನುತ್ತಿದ್ದರು. ಅತ್ತೆ ಕೇಳುತ್ತಿರುವುದೂ ಮಗಳು ಕೇಳುತ್ತಿರುವುದೂ ಒಂದಕ್ಕೊಂದು ಸೇರಿದವು ಅಂತ ಇಬ್ಬರಿಗೂ ಹೇಳಿ. ನನಗಂತೂ ನಿಮ್ಮ ಮನೆಗೆ ಇದೇ ಸರಿ ಅನ್ನಿಸುತ್ತದೆ: ಶನಿವಾರ ಮಧ್ಯಾಹ್ನ ಬಿಳಿ ಮೊಟ್ಟೆಗಳನ್ನು ಈರುಳ್ಳಿ ಸಿಪ್ಪೆ ಹಾಕಿದ ನೀರಲ್ಲಿ ಒಂದು ಚಮಚ ವಿನಿಗರ್ ಸೇರಿಸಿ ಬೇಯಿಸಿ, ಒಳ್ಳೆ ಕೆಂಗಂದು ಬಣ್ಣ ಬರುತ್ತದೆ. ಅರಿಶಿನದಲ್ಲಿ ಹಳದಿ ಬರುತ್ತದೆ. ಭಾನುವಾರ ಗ್ರೀಸಿನವರ ಹಾಗೆ ಮೊಟ್ಟೆಗೆ ಮೊಟ್ಟೆ ಕುಟ್ಟಿ ಆಡಿ, ಯಾರದ್ದು ಒಡೆಯಲ್ಲವೋ ಅವರು ಗೆದ್ದ ಹಾಗೆ. 3 ವರ್ಷದವನೂ ಅಜ್ಜಿಯ ಎದುರು ನಿಂತು ಆಡಬಹುದು.

ಶುಕ್ರವಾರವನ್ನು ಮಕ್ಕಳಿಂದ ಮುಚ್ಚಿಡಬೇಡಿ. ಸಿಹಿ ಭಾನುವಾರ ಮಾತ್ರ ತೋರಿಸಿದರೆ, ಯಾಕೆ ಇಷ್ಟು ಸಂತೋಷ ಅಂತ ಅವರಿಗೆ ತಿಳಿಯೋದು ಹೇಗೆ? ಆದರೆ ಈ ವರ್ಷ ಶಿಲುಬೆ ಹಾದಿಗೆ ಅವಳನ್ನು ಕರೆದೊಯ್ಯಬೇಡಿ. ನಿಂತು ಪ್ರಾರ್ಥಿಸುವ 14 ಸ್ಥಳಗಳು, ಬಿಸಿಲು, ದೊಡ್ಡವರ ಅಳು ಮುಖ, ರಕ್ತದ ಚಿತ್ರಗಳು. ಆ ಮಗು ಅತ್ತಿದ್ದರಲ್ಲಿ ಆಶ್ಚರ್ಯ ಏನಿದೆ? ಮನೆಯಲ್ಲೇ ಎಲ್ಲರೂ ಗಂಜಿ ಉಪ್ಪಿನಕಾಯಿ ಊಟ ಮಾಡಿ, ಅತ್ತೆ ಪಕ್ಕದಲ್ಲಿ ಕೂತು ಕಥೆ ಹೇಳಲಿ. ಒಂದು ಮಾತು ಮಾತ್ರ ಮೊದಲೇ ಒಪ್ಪಿಕೊಳ್ಳಿ: ಯಾರೇ ಹೇಳಿದರೂ ಕಥೆಯನ್ನು ಸಾವಿನಲ್ಲಿ ನಿಲ್ಲಿಸಬಾರದು. ಸತ್ತರು, ಸಮಾಧಿ ಮಾಡಿದರು, ಮೂರನೇ ದಿನ ಎದ್ದು ಬಂದರು, ಇಷ್ಟನ್ನೂ ಒಂದೇ ಕೂರಿಕೆಯಲ್ಲಿ ಹೇಳಿ ಮುಗಿಸಬೇಕು. ದೊಡ್ಡವರು ಎರಡು ದಿನ ಕಾಯಬಹುದು. ಮಗು ಆ ರಾತ್ರಿ ನಿದ್ದೆ ಮಾಡಬೇಕಲ್ವಾ?

ನಿಮ್ಮ ತವರಿನ ಬೆಳಗಿನ ಜಾವದ ಆರಾಧನೆಯ ಬಗ್ಗೆ ಓದಿ ಖುಷಿಯಾಯ್ತು. ಅದು ಹಳೆಯ ಪದ್ಧತಿ: 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಮೊರಾವಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆಯ ಯುವಕರು ಸೂರ್ಯ ಹುಟ್ಟುವ ಹೊತ್ತಿಗೆ ಸ್ಮಶಾನಕ್ಕೆ ಹೋಗಿ ಹಾಡಿದರು. ಸುವಾರ್ತೆಯಲ್ಲಿ ನಸುಕಿನಲ್ಲಿ ಸಮಾಧಿಗೆ ಹೋದ ಹೆಂಗಸರ ಹಾಗೆಯೇ. ಇದನ್ನು ದಯವಿಟ್ಟು ಬಿಡಬೇಡಿ, ಅತ್ತೆಯ ಪದ್ಧತಿಗಳ ನಡುವೆ ನಿಮ್ಮದು ಕಳೆದುಹೋಗಬಾರದು. ಆದರೆ ಪ್ರತಿ ವರ್ಷ ಹುಬ್ಬಳ್ಳಿಗೆ ಓಡೋಕಾಗಲ್ಲ. ಭಾನುವಾರ ಬೆಳಕು ಹರಿಯುವ ಮುಂಚೆ ಮಕ್ಕಳನ್ನು ಎಬ್ಬಿಸಿ ಟೆರೇಸಿಗೆ ಕರೆದುಕೊಂಡು ಹೋಗಿ, ನೀವು ಚಿಕ್ಕಂದಿನಲ್ಲಿ ಹಾಡಿದ ಒಂದು ಕೀರ್ತನೆ ಹಾಡಿ. "ಕ್ರಿಸ್ತನು ಎದ್ದಿದ್ದಾನೆ" ಅಂತ ನೀವು ಹೇಳಿ, "ನಿಜವಾಗಿಯೂ ಎದ್ದಿದ್ದಾನೆ" ಅಂತ ಅವರು ಕೂಗಲಿ. ಅತ್ತೆಯನ್ನೂ ಕರೆಯಿರಿ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವಾಗ ಬೇಕಾದರೂ ಬರುತ್ತದೆ. 2027ರಲ್ಲಿ ಮಾರ್ಚ್ 28, ಆದರೆ 2028ರಲ್ಲಿ ಏಪ್ರಿಲ್ 16. ಶಾಲೆಗೆ ಬೇಸಿಗೆ ರಜೆ ಬಿದ್ದಿರುವ ಅಂಥ ವರ್ಷಗಳಲ್ಲಿ ಹುಬ್ಬಳ್ಳಿಗೇ ಹೋಗಿ ಬನ್ನಿ.

ಅಪಾರ್ಟ್‌ಮೆಂಟಿನ ಮೊಟ್ಟೆ ಹುಡುಕುವ ಆಟಕ್ಕೆ ಮಗಳನ್ನು ಕಳಿಸಿ. ಗೆಳತಿಯರ ಜೊತೆ ಆಡಲಿ, ಚಾಕೊಲೇಟ್ ತಿನ್ನಲಿ, ಅದರಿಂದ ಯಾರ ನಂಬಿಕೆಯೂ ಹಾಳಾಗಲ್ಲ. ಮೊಲ ರಾತ್ರಿ ಮನೆಗೆ ಬಂದು ಮೊಟ್ಟೆ ಇಟ್ಟು ಹೋಯ್ತು ಅಂತ ಮಾತ್ರ ನೀವು ಹೇಳಬೇಡಿ. ಯೇಸು ಎದ್ದಿದ್ದು ನಿಜ ಅಂತ ಅವಳಿಗೆ ಹೇಳುವ ವಾರದಲ್ಲೇ ಇನ್ನೊಂದನ್ನು ನಿಜ ಅಂತ ನಟಿಸೋದು ನನಗೆ ಸರಿ ಕಾಣಲ್ಲ. ಕೇಳಿದರೆ ಇದ್ದದ್ದು ಹೇಳಿ: ಅದು ಜರ್ಮನಿ ಕಡೆಯವರು ಮಕ್ಕಳಿಗೆ ಹೇಳುವ ಹಳೇ ಕಥೆ, 1682ರಲ್ಲೇ ಒಬ್ಬ ವೈದ್ಯರು ಬರೆದಿಟ್ಟಿದ್ದಾರೆ. ಕಥೆ ಅಂತ ಗೊತ್ತಿದ್ದೂ ಮಕ್ಕಳು ಚೆನ್ನಾಗಿ ಆಡ್ತಾರೆ.

ಕೊನೆಗೆ ನಿಮ್ಮ ಯಜಮಾನರು. "ನೀವೇ ನೋಡ್ಕೊಳ್ಳಿ" ಅನ್ನೋದನ್ನು ಒಪ್ಪಬೇಡಿ, ಯಾಕಂದ್ರೆ ಅವರು ಹಾಗೆ ಪಕ್ಕಕ್ಕೆ ಸರಿದಾಗಲೇ ನೀವೂ ಅತ್ತೆಯೂ ಎದುರುಬದುರು ನಿಲ್ಲಬೇಕಾಗಿ ಬರುತ್ತಿರೋದು. ಶನಿವಾರ ರಾತ್ರಿಯ ಪಾಸ್ಖ ಜಾಗರಣೆಯನ್ನು ಪೂರ್ತಿ ಅವರ ಪಾಲಿಗೆ ಬಿಡಿ. ಕತ್ತಲಲ್ಲಿ ಚರ್ಚಿನ ಹೊರಗೆ ಹೊಸ ಬೆಂಕಿ ಹೊತ್ತಿಸುತ್ತಾರೆ, ಆ ವರ್ಷದ ಅಂಕಿ ಕೊರೆದ ದೊಡ್ಡ ಮೇಣದಬತ್ತಿ ಹಚ್ಚುತ್ತಾರೆ, ಅದರಿಂದ ಎಲ್ಲರ ಕೈಯ ಬತ್ತಿಗೂ ಬೆಳಕು ಬರುತ್ತದೆ, ಗುರುವಾರದಿಂದ ಸುಮ್ಮನಿದ್ದ ಗಂಟೆಗಳು ಮತ್ತೆ ಬಾರಿಸುತ್ತವೆ. 6 ವರ್ಷದ ಮಗುವಿಗೆ ಇಡೀ ವಾರದಲ್ಲಿ ಇದಕ್ಕಿಂತ ಚೆಂದದ್ದು ಇಲ್ಲ. ಅಪ್ಪ, ಅಜ್ಜಿ, ಮಗಳು ಮೂವರೂ ಹೋಗಲಿ. ಮಧ್ಯಾಹ್ನ ಅವಳು ಒಂದು ನಿದ್ದೆ ಮಾಡಿರಲಿ, ಹಿಂದಿನ ಬೆಂಚಲ್ಲಿ ಕೂರಲಿ, ಗಂಟೆ ಬಾರಿಸಿದ ಮೇಲೆ ನಿದ್ದೆ ಬಂದರೆ ಅಪ್ಪ ಎತ್ತಿಕೊಂಡು ಮನೆಗೆ ಬರಲಿ. ನೀವು ಮಗನ ಜೊತೆ ಬೇಗ ಮಲಗಿಬಿಡಿ. ಬೆಳಗಿನ ಜಾವ ಏಳಬೇಕಾದವರು ನೀವು.